ಅನುಮತಿಯಿಲ್ಲದೆ ಚೇತರಿಸಿಕೊಂಡ ನಾಗಮಣಿಯವರ ಕಿರುಚಿತ್ರ

ಸಂಖ್ಯೆ: ಆವರಣ/ಓಟ/47/2024–25
ಮಡಕಶಿರ, ದಿನಾಂಕ: 12–02–2025

ಸುತ್ತೋಲೆ

ವಿಷಯ: ಪ್ರೇಮಭಂಗಾನಂತರದ ವ್ಯಾಯಾಮ ಹಾಗೂ ಅದರ ಚಿತ್ರೀಕರಣದಲ್ಲಿ ಶಿಸ್ತು ಪಾಲಿಸುವ ಬಗ್ಗೆ.

ಉಲ್ಲೇಖ: ಕಾವಲುಗಾರ ಶ್ರೀ ಲಕ್ಷ್ಮೀನರಸಪ್ಪನವರ ಮೌಖಿಕ ವರದಿ.

1. ಈ ಕಚೇರಿಯ ಕಂಪ್ಯೂಟರ್ ಸಹಾಯಕಿ ಕುಮಾರಿ ನಾಗಮಣಿಯವರನ್ನು ನಾಲ್ಕು ವರ್ಷ ಪ್ರೀತಿಸಿದ ರೊಳ್ಳದ ಶ್ರೀ ಚಿರಂಜೀವಿ ಎಂಬುವರು, ಕಳೆದ ಏಪ್ರಿಲ್‌ನಲ್ಲಿ 'ಇನ್ನು ಸಾಕು' ಎಂಬ ವಾಟ್ಸಾಪ್ ಸಂದೇಶದ ಮೂಲಕ ಸದರಿ ಪ್ರೀತಿಯನ್ನು ರದ್ದುಪಡಿಸಿರುತ್ತಾರೆ. ಕಾರಣ ನಮೂದಿಸಿರುವುದಿಲ್ಲ.

2. ತದನಂತರ ನಾಗಮಣಿಯವರು ಹದಿನೈದು ದಿನ ಸರಿಯಾಗಿ ಉಣ್ಣದೆ, ಹದಿನಾರನೆಯ ದಿನ ಬೆಳಗ್ಗೆ ಆರಕ್ಕೆ ಕಚೇರಿ ಆವರಣದಲ್ಲಿ ಓಡತೊಡಗಿದರು. ಅರ್ಧ ಸುತ್ತಿಗೇ ಬೇವಿನ ಮರ ಹಿಡಿದು ನಿಂತು ಅತ್ತರು. ಅತ್ತದ್ದು ಏದುಸಿರಿಗೋ ಚಿರಂಜೀವಿಗೋ ತಮಗೇ ತಿಳಿಯಲಿಲ್ಲವೆಂದು ಹೇಳಿಕೆ ನೀಡಿರುತ್ತಾರೆ. ದಸರೆಯ ಹೊತ್ತಿಗೆ ಹನ್ನೆರಡು ಸುತ್ತು ಆಗುತ್ತಿತ್ತು; ಊಟವೂ ಸೇರುತ್ತಿತ್ತು. ಹೀಗೆ ಮೇಲಧಿಕಾರಿಗಳ ಗಮನಕ್ಕೆ ತಾರದೆ ಹಂತಹಂತವಾಗಿ ಚೇತರಿಸಿಕೊಂಡಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

3. ಗುಡಿಬಂಡೆಯಲ್ಲಿ ಮದುವೆ ವಿಡಿಯೋ ತೆಗೆಯುವ ಶ್ರೀ ಅಂಜಿ, ಇದನ್ನು ಒಂಬತ್ತು ನಿಮಿಷದ ಕಿರುಚಿತ್ರ ಮಾಡಲು ಜನವರಿಯಲ್ಲಿ ಬಂದರು. ನಾಗಮಣಿಯವರೇ ನಾಯಕಿ. ಮೊದಲ ದೃಶ್ಯ, ಬೇವಿನ ಮರದಡಿಯ ಅಳು. ಹನ್ನೊಂದು ಟೇಕ್ ಆದರೂ ಅಳು ಬಾರದ ಕಾರಣ, 'ಅಕ್ಕ, ಅವತ್ತು ಅತ್ತಿದ್ಯಲ್ಲ, ಅಂಗೇ ಅಳಕ್ಕ' ಎಂದು ಅಂಜಿಯವರು ಕೋರಿದರು. 'ಬತ್ತಾ ಇಲ್ಲ ಕಣಪ್ಪ, ನಾನೇನ್ ಮಾಡ್ಲಿ. ಒಂದು ಈರುಳ್ಳಿ ತತ್ತಾ' ಎಂದು ನಾಗಮಣಿಯವರು ನಕ್ಕಿರುತ್ತಾರೆ. ಈರುಳ್ಳಿಯಿಂದ ದೃಶ್ಯ ಪೂರ್ಣಗೊಳಿಸಲಾಯಿತು.

4. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:
(ಅ) ಪ್ರೇಮಭಂಗವಾಗುವ ಏಳು ದಿನ ಮುಂಚಿತವಾಗಿ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು.
(ಆ) ಉಳಿದ ದುಃಖವನ್ನು ಗಳಿಕೆ ರಜೆಯಂತೆ ಮುಂದಿನ ವರ್ಷಕ್ಕೆ ಒಯ್ಯಲು ಅವಕಾಶವಿರುವುದಿಲ್ಲ.
(ಇ) ಆದಾಗ್ಯೂ, ಕಿರುಚಿತ್ರದ ಉದ್ದೇಶವಿದ್ದಲ್ಲಿ ಪೂರ್ತಿ ಚೇತರಿಸಿಕೊಳ್ಳದೆ, ಚಿತ್ರೀಕರಣಕ್ಕೆ ಸಾಲುವಷ್ಟು ಕಣ್ಣೀರನ್ನು ಕಾಯ್ದಿರಿಸತಕ್ಕದ್ದು.

5. ಚಿತ್ರ ಯೂಟ್ಯೂಬಿಗೆ ಏರಿದ ನಾಲ್ಕನೇ ದಿನ ಬೆಳಗ್ಗೆ ಶ್ರೀ ಚಿರಂಜೀವಿಯವರು ಖುದ್ದಾಗಿ ಹಾಜರಾಗಿ, 'ನಾಗು, ವಸಿ ನಿಂತ್ಕ, ಮಾತಾಡ್ಬೇಕು' ಎಂದರು. 'ಇನ್ನೂ ಏಳು ಸುತ್ತು ಐತೆ. ಮಾತಾಡಂಗಿದ್ರೆ ಜೊತೇಲಿ ಓಡು' ಎಂದು ಅವರಿಗೆ ತಿಳಿಸಲಾಯಿತು. ಓಡಿದರು. 'ನಂದು ತಪ್ಪಾಯ್ತು' ಎಂಬಲ್ಲಿಯವರೆಗೆ ಮಾತು ಸಾಗಿ, ಒಂದೂಕಾಲು ಸುತ್ತಿಗೆ ಉಸಿರು ಸಾಲದೆ ಸೈಕಲ್ ಸ್ಟ್ಯಾಂಡಿನಲ್ಲಿ ಕುಸಿದು ಕುಳಿತರು. ಲಕ್ಷ್ಮೀನರಸಪ್ಪನವರು ನೀರು ಕೊಟ್ಟರು. ನಾಗಮಣಿಯವರು ಒಮ್ಮೆ ತಿರುಗಿ ನೋಡಿದರು, ನಿಲ್ಲಲಿಲ್ಲ. ಉಳಿದ ಸುತ್ತು ಮುಗಿಸಿ, ಮನೆಗೆ ಹೋಗಿ ಸ್ನಾನ ಮಾಡಿ, ಹತ್ತು ಗಂಟೆಗೆ ಸರಿಯಾಗಿ ಹಾಜರಿ ಹಾಕಿರುತ್ತಾರೆ. ಚಿರಂಜೀವಿಯವರು ಆಗಲೂ ಅಲ್ಲೇ ಕುಳಿತಿದ್ದರು. ಮಾತುಕತೆ ಮುಗಿದಿದೆಯೆಂದು ಪರಿಗಣಿಸಿ ಕಡತವನ್ನು ಮುಚ್ಚಲಾಗಿದೆ.

ಸಹಿ/– (ಓದಲಾಗದು)
ಅಧೀಕ್ಷಕರು

ಪ್ರತಿಗಳು:
1. ಕುಮಾರಿ ನಾಗಮಣಿ: ಓಟ ಮುಗಿದ ಮೇಲೆ ಸಹಿ ಮಾಡಿ ಪಡೆಯಲು.
2. ಶ್ರೀ ಚಿರಂಜೀವಿ, ರೊಳ್ಳ: ಉಸಿರು ಸುಧಾರಿಸಿಕೊಂಡ ಬಳಿಕ ಓದಿಕೊಳ್ಳಲು.
3. ಸದ್ಯ ಪ್ರೀತಿಯಲ್ಲಿರುವ ಇತರ ಸಿಬ್ಬಂದಿ: ಮುಂಜಾಗ್ರತೆಗಾಗಿ.