ಚೀಲಕ್ಕೆ ನಾಲ್ಕು ಕಾಳು

ಟಿಕೋಟಾದಿಂದ ವಿಜಯಪುರಕ್ಕೆ ಬಸಗೊಂಡಪ್ಪನ ಬಸ್ ಚಾರ್ಜು ಮೂವತ್ತು ರೂಪಾಯಿ, ಹೆಂಡತಿ ಮುರಿಗೆವ್ವನದು ಪುಕ್ಕಟೆ. ನಿನ್ನೆಯ ರಕ್ತ ಪರೀಕ್ಷೆಗೆ ಐದುನೂರು, ಇವತ್ತು ಕಣ್ಣಿನ ಡಾಕ್ಟರಿಗೆ ನಾಲ್ಕುನೂರು. ಮಾಲೀಕ ಗುರಲಿಂಗಪ್ಪನಿಗೆ ಹೇಳಿದ ಸುಳ್ಳೂ ಪುಕ್ಕಟೆಯೇ ಎಂದುಕೊಂಡಿದ್ದ: "ಮುರಿಗೆವ್ವನ ಕಣ್ಣು ತೋರಸಬೇಕ್ರಿ."

ಮಂಜಾದದ್ದು ಅವನ ಕಣ್ಣೇ. ಒಣದ್ರಾಕ್ಷಿ ಅಂಗಡಿಯಲ್ಲಿ ಬಣ್ಣ ನೋಡಿ ಮಾಲಿನ ದರ್ಜೆ ಹೇಳುವ ಕೆಲಸದ ಗಾದಿ ಅವನದು. ಕಣ್ಣು ಕೆಟ್ಟ ಸುದ್ದಿ ತಿಳಿದರೆ ಗಾದಿ ಹೋದಂತೆಯೇ. ಅದಕ್ಕೇ ಎಂಟು ತಿಂಗಳಿಂದ ಬಣ್ಣ ಬಿಟ್ಟು ರುಚಿ ನೋಡಿ ಹೇಳುತ್ತಿದ್ದ. "ತಿನ್ನೋ ದೋಸ್ತಾ, ರಕ್ತ ಆಗತೈತಿ," ಎಂದು ತೂಕ ಮಾಡುವ ಮೌಲಾಸಾಬ ಬೇರೆ ಹುರಿದುಂಬಿಸುತ್ತಿದ್ದ.

ಬಸ್ಸಿಗೆ ಕಾಯುತ್ತಿದ್ದಾಗ ಗುರಲಿಂಗಪ್ಪನ ಕಾರೇ ಬಂದು ನಿಂತಿತು.

"ಹತ್ತಬೇ ಯವ್ವಾ, ನಾನೂ ಅಲ್ಲಿಗೇ ಹೊಂಟೇನಿ. ಕಣ್ಣು ಕಾಣದಾಕಿ ಬಸ್ಸಿನ್ಯಾಗ ಹೆಂಗ ಹೋಗ್ತಿ?"

ಬಸಗೊಂಡಪ್ಪ ಆಮೆಯಂತೆ ಕುತ್ತಿಗೆ ಒಳಗೆಳೆದುಕೊಂಡು ಕೂತ. ತೊರವಿ ಹತ್ತಿರ ಗುರಲಿಂಗಪ್ಪ ಹಿಂದಕ್ಕೆ ಒಂದು ಪೊಟ್ಟಣ ಚಾಚಿದ. "ಬಿಜ್ಜರಗಿ ಮಾಲು. ಹೆಂಗೈತಿ ನೋಡು."

ನಾಲ್ಕು ಕಾಳು ಬಾಯಿಗೆ ಹೋದವು. "ಒಂದನೇ ದರ್ಜೆ ರೀ!"

"ಎಲ್ಲೀದು? ಅರ್ಧ ಕೆಂಪಗ ಆಗೈತಿ, ಕಡ್ಡಿ ಬ್ಯಾರೆ," ಎಂದಳು ಮುರಿಗೆವ್ವ, ಸುಳ್ಳನ್ನು ಮರೆತು.

ಗುರಲಿಂಗಪ್ಪ ಕನ್ನಡಿಯಲ್ಲಿ ಅವಳನ್ನೇ ನೋಡಿದ. "ಕಣ್ಣು ಭಾಳ ಮಂಜ ಆಗ್ಯಾವಲ್ಲಬೇ!"

ಬೇಡವೆಂದರೂ ಅವನು ಆಸ್ಪತ್ರೆಯ ಒಳಗೂ ಬಂದ. ನರ್ಸು ಕೂಗಿದ್ದು ಬಸಗೊಂಡಪ್ಪನ ಹೆಸರನ್ನು.

ಡಾಕ್ಟರ್ ಮಾಲಾ ಅವನ ಕಣ್ಣು ನೋಡಿ, ರಕ್ತದ ಚೀಟಿ ಓದಿದರು. "ಸಕ್ರಿ ಮುನ್ನೂರು, ರಕ್ತ ಎಂಟು. ರಕ್ತ ಕಮ್ಮಿ ಆದ್ರ ಕಣ್ಣಿನ ಪರದೆಗೆ ಉಸಿರು ಸಾಲಂಗಿಲ್ಲ. ಸಕ್ರಿ ಅದರ ನರ ಕೆಡಸತೈತಿ. ಎರಡೂ ಕೂಡಿ ಹೊಡಿಯಾಕತ್ತಾವ. ಸಿಹಿ ತಿಂತೀರೇನು?"

"ಚಹಾಕ್ಕೂ ಸಕ್ರಿ ಹಾಕ್ಕೊಳ್ಳಂಗಿಲ್ರಿ."

"ಖರೇ ಐತ್ರಿ," ಗುರಲಿಂಗಪ್ಪ ಅಭಿಮಾನದಿಂದ ಸಾಕ್ಷಿ ನುಡಿದ. "ದಿನಾ ಅರವತ್ತು ಚೀಲ ಒಣದ್ರಾಕ್ಷಿ, ಚೀಲಕ್ಕ ನಾಕು ಕಾಳು. ಅದು ಬಿಟ್ರ ಬ್ಯಾರೆ ಸಿಹಿ ಇಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಕಣ್ಣು ಇನ್ನೂ ಹೋಗಿಲ್ಲ. ರಕ್ತ ಯಾಕ ಇಳಿದೈತಿ ಹುಡುಕೂಣು, ಸಕ್ರಿ ಇಳಸೂಣು, ಲೇಸರ್ ಮಾಡೂಣು. ಉಳಿತೈತಿ. ಆದ್ರ ಇನ್ನ ಒಂದ ಕಾಳೂ ಬಾಯಿಗೆ ಹಾಕಬ್ಯಾಡ್ರಿ."

ಬಸಗೊಂಡಪ್ಪ ಎಂಟು ತಿಂಗಳಿಂದ ಹಿಡಿದಿದ್ದ ಉಸಿರು ಬಿಟ್ಟ. ಮಾಲೀಕನ ಮುಖ ನೋಡಿ ಮತ್ತೆ ಹಿಡಿದ. "ಸಾವಕಾರ್ರ, ನನ್ನ ಗಾದಿ..."

"ಎಲ್ಲೂ ಹೋಗಂಗಿಲ್ಲೋ, ನಿಮ್ಮ ಮನ್ಯಾಗ ಇರತೈತಿ," ಎಂದ ಗುರಲಿಂಗಪ್ಪ. "ಮುರಿಗೆವ್ವಾ, ನಾಳೆ ಒಂಬತ್ತಕ್ಕ ಅಂಗಡಿಗೆ ಬಾಬೇ."

ಬಸಗೊಂಡಪ್ಪನಿಗೆ ಎರಡೂ ಕಣ್ಣು ಉಳಿದವು, ಗಾದಿ ಮುರಿಗೆವ್ವನಿಗೆ ಹೋಯಿತು. ಪಗಾರ ಅದೇ ಮನೆಗೆ ಬರುತ್ತದೆ. ಆದರೆ ಈಗ ಒಂದು ಚಹಾದ ದುಡ್ಡಿಗೂ ಅವನು ಮುರಿಗೆವ್ವನನ್ನು ಕೇಳಬೇಕು. ಅದೂ ಸಕ್ಕರೆ ಇಲ್ಲದ ಚಹಾಕ್ಕೆ.