ನೆಲ ಕಚ್ಚಿದ ಕ್ಲಚ್ಚು

ಕಾರು ಓಡಿಸಲು ಬಾರದ ನಾನು ಕ್ಲಚ್ಚಿನ ಕತೆ ಹೇಳಲು ಹೊರಟಿರುವುದು ಅಧಿಕಪ್ರಸಂಗವೇ ಸರಿ. ತಿಳಿದವರು ಓದಿದರೆ ತಪ್ಪುಗಳು ಸಿಗಬಹುದು, ಕ್ಷಮಿಸಬೇಕು. ಆದರೆ ಆ ದಿನ ಸಾಂತಿಯಾಗೊದ ನಮ್ಮ ಇಳಿಜಾರು ಬೀದಿಯಲ್ಲಿ ಇದ್ದವರೆಲ್ಲ ಒಬ್ಬೊಬ್ಬರು ಒಂದೊಂದು ರೀತಿ ಹೇಳಿಕೊಂಡು ತಿರುಗುತ್ತಿದ್ದಾರೆ. ನನ್ನದು ಅವರದ್ದರಷ್ಟು ಸುಳ್ಳಾಗಿರಲಾರದು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಎವೆಲಿಯೊ ಬೆಳಿಗ್ಗೆ ದಿಬ್ಬದ ಮೇಲಿನ ಬೇಕರಿಗೆ ಹೋಗಿದ್ದ. ಸಾಲಿನಲ್ಲಿ ನಿಂತು ಬ್ರೆಡ್ಡು ಕೊಂಡು, ಅದನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ನೀಲಿ ರಷ್ಯನ್ ಕಾರಿನಲ್ಲಿ ಕುಳಿತ. ಕ್ಲಚ್ ತುಳಿದ. ಪೆಡಲು ಒಂದಿಷ್ಟೂ ಎದುರಾಡದೆ ಸೀದಾ ಕೆಳಗೆ ಹೋಗಿ ಹಳೇ ಚಪ್ಪಲಿಯ ಹಾಗೆ ಅಲ್ಲೇ ಬಿದ್ದುಕೊಂಡಿತು. ಗೇರು ಹಾಕಲು ನೋಡಿದರೆ ಒಳಗೆ ಯಾರೋ ತಟ್ಟೆ ಲೋಟ ಎಸೆದಾಡಿದಂಥ ಸದ್ದು.

"ಬರುವಾಗ ಚೆನ್ನಾಗಿತ್ತಲ್ಲ!" ಎಂದು ಅವನು ಬ್ರೆಡ್ಡಿಗೆ ಹೇಳಿದ. ಕೇಳಿಸಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ನ್ಯೂಟ್ರಲ್‌ನಲ್ಲೇ ಬಿಟ್ಟು, ಇಳಿಜಾರಿನ ದಯೆಯಿಂದ ಉರುಳಿಸಿಕೊಂಡು ಮನೆ ಮುಂದೆ ತಂದು ನಿಲ್ಲಿಸಿದ.

ಬೇರೆ ದಿನವಾಗಿದ್ದರೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಆದರೆ ಅಂದು ಸಂಜೆ ತಪಾಸಣೆಯ ಅಧಿಕಾರಿ ಬರುವವನಿದ್ದ. ದಿಬ್ಬದ ನಡುವೆ ಕಾರು ನಿಲ್ಲಿಸಿ, ಗೇಣುದ್ದವೂ ಹಿಂದಕ್ಕೆ ಜಾರದೆ ಮೇಲಕ್ಕೆ ಹತ್ತಿಸಿದರೆ ಬಾಡಿಗೆ ಓಡಿಸುವ ಪರವಾನಗಿ. ಜಾರಿದರೆ ಮುಂದಿನ ವರ್ಷದ ಮಾತು. ಎವೆಲಿಯೊ ಕೆಲಸ ಮಾಡುತ್ತಿದ್ದ ಅಂಗಿ ಗುಂಡಿಯ ಕಾರ್ಖಾನೆ ಮುಚ್ಚಿಹೋಗಿತ್ತು. "ಪರವಾನಗಿ ಸಿಗಲಿಲ್ಲವೋ, ನಾಳೆಯಿಂದ ನಮ್ಮಣ್ಣನ ಹಂದಿಗಳಿಗೆ ಕಲಗಚ್ಚು ಹಾಕೋಕೆ ಹೋಗ್ತೀಯ" ಎಂದು ಹೆಂಡತಿ ಮಿರೇಯಾ ಹೇಳಿಯಾಗಿತ್ತು. ಭಾವಮೈದುನ ತನ್ನನ್ನು ಯಾವ ದನಿಯಲ್ಲಿ ಕರೆಯುತ್ತಾನೆಂಬುದು ಎವೆಲಿಯೊಗೆ ಗೊತ್ತಿತ್ತು. ಹಂದಿಗಳನ್ನು ಅದಕ್ಕಿಂತ ಮರ್ಯಾದೆಯಿಂದ ಕರೆಯುತ್ತಿದ್ದ.

ನಮ್ಮ ಬೀದಿಯಲ್ಲಿ ಕಾರಿನ ಬಾನೆಟ್ ಎತ್ತುವುದೂ ಮದುವೆಗೆ ಕರೆಯುವುದೂ ಒಂದೇ. ಎಲ್ಲರಿಗಿಂತ ಮೊದಲು ಬಂದವನು ಸಕ್ಕರೆ ಕಾರ್ಖಾನೆಯ ನಿವೃತ್ತ ಮೆಕ್ಯಾನಿಕ್ ರಿಗೊಬೆರ್ತೊ. ತಲೆ ಒಳಗೆ ತೂರಿಸಿ ಮೂಸಿದ.

"ಗಾಳಿ ಹೊಕ್ಕಿದೆ ಕೊಂಪಾಯ್. ಪೈಪಿನ ತುಂಬ ಗಾಳಿ." ನಮ್ಮ ಬೀದಿಯಲ್ಲಿ ಗೆಳೆಯರೆಲ್ಲ ಒಬ್ಬರನ್ನೊಬ್ಬರು ಕರೆಯುವುದು ಕೊಂಪಾಯ್ ಎಂದೇ.

ಎದುರು ಮನೆಯ ಮಹಡಿಯಿಂದ ಕ್ಷೌರದಂಗಡಿಯ ಎಲ್ಪಿದಿಯಾ ಬಗ್ಗಿದಳು. "ಗಾಳಿಯಲ್ಲ ಕಣೋ, ಒಳಗಿನ ಎಣ್ಣೆ ಬತ್ತಿದೆ. ನನ್ನ ಗಂಡನಿಗೂ ಹೀಗೇ ಆಗಿತ್ತು."

"ನಿನ್ನ ಗಂಡನಿಗೆ ಕಾರೇ ಇರಲಿಲ್ಲವಲ್ಲಮ್ಮ!"

"ಮೊಣಕಾಲು ಇರಲಿಲ್ವಾ?"

ಕ್ಲಚ್ಚಿನ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಅವಳು ಹೇಳಿದ್ದೇ ನಿಜ. ಒಂದು ತೊಟ್ಟೂ ಇರಲಿಲ್ಲ. ನಮ್ಮೂರಲ್ಲಿ ಅಸಲಿ ಎಣ್ಣೆ ಸಿಗುವುದಿಲ್ಲ. ಎಲ್ಲರೂ ಹಾಕುವುದು ಶಾಂಪೂವಿಗೆ ಒಂದಿಷ್ಟು ಸ್ಪಿರಿಟ್ ಬೆರೆಸಿ. ಎಲ್ಪಿದಿಯಾ ಬುಟ್ಟಿಗೆ ಹಗ್ಗ ಕಟ್ಟಿ ಸೀಸೆ ಇಳಿಬಿಟ್ಟಳು. "ಬಣ್ಣ ಹಚ್ಚಿದ ಕೂದಲಿನದು ಮಗನೇ, ಜೋಪಾನ!"

ರಿಗೊಬೆರ್ತೊ ಕಾರಿನ ಕೆಳಗೆ ತೂರಿಕೊಂಡ. "ತುಳಿ! ಹಿಡ್ಕೋ! ನಾನು ಹೇಳೋವರೆಗೂ ಬಿಡಬೇಡ!"

"ಬಿಡು ಮಗನೇ, ಕಾಲು ನೋಯುತ್ತೆ!" ಎಂದಳು ಎಲ್ಪಿದಿಯಾ ಮೇಲಿನಿಂದ.

ಎವೆಲಿಯೊ ಯಾರ ಮಾತನ್ನೂ ಮೀರುವವನಲ್ಲ. ಹಿಡಿದ, ಬಿಟ್ಟ, ಮತ್ತೆ ಹೆದರಿ ತುಳಿದ. ಕೆಳಗಿನಿಂದ ರಿಗೊಬೆರ್ತೊನ ಬೈಗುಳವೂ ಬಿಳಿ ನೊರೆಯೂ ಒಟ್ಟಿಗೇ ಹೊರಬಂದವು. ಹಿಂದೆಯೇ ಬಂದ ಅವನ ಮೀಸೆ ಮಲ್ಲಿಗೆಯಂತೆ ಘಮಘಮಿಸುತ್ತಿತ್ತು.

"ಸಿಲಿಂಡರಿನ ವಾಷರ್ ಹೋಗಿದೆ. ರಬ್ಬರ್ ಸಿಗಲ್ಲ, ಚರ್ಮದ್ದೇ ಆಗಬೇಕು" ಎಂದ. ಅವನ ಕಣ್ಣು ಮೆಲ್ಲಗೆ ಎವೆಲಿಯೊನ ಸೊಂಟಕ್ಕೆ ಬಂದು ನಿಂತಿತು.

"ಬೇಡ ಕೊಂಪಾಯ್. ಇರೋದು ಒಂದೇ ಬೆಲ್ಟು."

"ಬೆಲ್ಟು ಬೇಕೋ, ಪರವಾನಗಿ ಬೇಕೋ?"

ಬೆಲ್ಟು ತುಂಡಾಯಿತು. ಚರ್ಮ ಮೆತ್ತಗಾಗಲು ಹಂದಿ ಕೊಬ್ಬಿನಲ್ಲಿ ಕುದಿಸಬೇಕೆಂದು ಅಡುಗೆಮನೆಗೆ ಹೋದರೆ ಮಿರೇಯಾ ಸೌಟು ಹಿಡಿದು ಬಂದಳು. "ಕರಿಹುರುಳಿ ಬೇಯಿಸೋ ಪಾತ್ರೇಲಿ ನಿನ್ನ ಬೆಲ್ಟು ಬೇಯಿಸ್ತೀಯಾ? ಇವತ್ತು ಊಟಕ್ಕೆ ಅದನ್ನೇ ಬಡಿಸ್ತೀನಿ, ಇರು!"

ಬಿಸಿಲು ಆಗಲೇ ಎದುರು ಗೋಡೆ ಹತ್ತುತ್ತಿತ್ತು. ಎವೆಲಿಯೊ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಬೀದಿಯ ತುದಿಗೂ ಕಾರಿಗೂ ಓಡಾಡಿದ. ವಾಷರ್ ಕೂತಿತು, ಪೆಡಲು ಅರ್ಧಕ್ಕೆ ಎದ್ದಿತು. ಸ್ಪ್ರಿಂಗು ಸಾಲದೆಂದು ಎಲ್ಪಿದಿಯಾಳ ಅಂಗಡಿಯ ಕುರ್ಚಿಯಿಂದ ಒಂದನ್ನು ಕಿತ್ತರು. ಅದರಲ್ಲಿ ಕುಳಿತಿದ್ದ ಗಿರಾಕಿಯನ್ನು ಅರ್ಧ ತಲೆಯಲ್ಲೇ ಎಬ್ಬಿಸಿದರು. ಕೊನೆಗೆ ಪೆಡಲು ಮೊದಲ ಸಲ ಮಾವನ ಮನೆಗೆ ಬಂದ ಅಳಿಯನ ಹಾಗೆ ಬಿಗಿದುಕೊಂಡು ನಿಂತಿತು.

ಅಧಿಕಾರಿ ಬಂದ. ತೆಳ್ಳನೆ ಮನುಷ್ಯ, ಕೈಯಲ್ಲಿ ಗೋಂದಿನ ಸೀಸೆ. ಎವೆಲಿಯೊ ದಿಬ್ಬದ ನಡುವೆ ಕಾರು ನಿಲ್ಲಿಸಿದ. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿಯಿತು. ಕ್ಲಚ್ ತುಳಿದ, ಗೇರು ಸದ್ದಿಲ್ಲದೆ ಬಿತ್ತು, ಕಾರು ಕೂದಲೆಳೆಯಷ್ಟೂ ಜಾರದೆ ಮೇಲಕ್ಕೆ ಹತ್ತಿತು. ಜನ ಚಪ್ಪಾಳೆ ತಟ್ಟಿದರು. ಎವೆಲಿಯೊ ಕೆಳಗಿಳಿದು ಎರಡೂ ಕೈ ಎತ್ತಿ ಎಲ್ಲರಿಗೂ ವಂದಿಸಿದ. ಪ್ಯಾಂಟು ಕಳಚಿ ಪಾದಕ್ಕೆ ಬಿತ್ತು. ಚಪ್ಪಾಳೆ ಇನ್ನೂ ಜೋರಾಯಿತು.

ಗೋಂದು ಒಣಗುತ್ತದೆಂದು ಅಧಿಕಾರಿ ಪರವಾನಗಿಯ ಪಟ್ಟಿಯನ್ನು ಮೊದಲು ಗಾಜಿಗೆ ಅಂಟಿಸಿದ. ಆಮೇಲೆ ಎವೆಲಿಯೊನ ಕಾಗದ ಹಿಡಿದು ನಂಬರು ನೋಡಲು ಹಿಂದಕ್ಕೆ ಹೋದವನು ಅಲ್ಲೇ ನಿಂತುಬಿಟ್ಟ.

"ಇದು ಯಾರ ಕಾರು?"

"ನಂದೇ ಸ್ವಾಮಿ."

"ಕಾಗದದಲ್ಲಿರೋ ನಂಬರೇ ಬೇರೆಯಲ್ಲಯ್ಯಾ."

ಅಷ್ಟರಲ್ಲಿ ಕೆಳಗಿನಿಂದ ಕೆಲವರು ಇನ್ನೊಂದು ಕಾರನ್ನು ತಳ್ಳಿಕೊಂಡು ಬಂದರು. ಅದೇ ರಷ್ಯನ್ ಕಾರು, ಅದೇ ನೀಲಿ. ಬೇಸ್‌ಬಾಲ್ ಮೈದಾನದ ಕುರ್ಚಿಗಳಿಗೆ ಬಣ್ಣ ಹೊಡೆದ ವರ್ಷ ಊರಿನ ಅರ್ಧ ಕಾರುಗಳು ಆ ನೀಲಿಗೆ ತಿರುಗಿದ್ದವು. ಸವೆದು ಸವೆದು ನಯವಾದ ಕೀಲಿಗಳೋ ಯಾರ ಕಾರಿನ ಬಾಗಿಲಿಗೂ ಇಲ್ಲವೆನ್ನುತ್ತಿರಲಿಲ್ಲ. ಆ ಕಾರಿನಿಂದ ಇಳಿದವನು ಬೇಕರಿಯ ಹಿಂದಿನ ಮನೆಯ ಓಸ್ಮಿಲ್ದೊ, ಮದುವೆಗಳಲ್ಲಿ ಟ್ರಾಂಬೋನ್ ಊದುವವನು.

"ರಿಗೊಬೆರ್ತೊ ಕೊಂಪಾಯ್, ಕಾಪಾಡು! ತಿಂಗಳುಗಟ್ಟಲೆ ನೆಲ ಕಚ್ಚಿದ್ದ ಕ್ಲಚ್ಚು ಇವತ್ತು ಬೇಕರಿ ಮುಂದೆ ತಾನಾಗೇ ಸರಿಹೋಗಿತ್ತು. ಪವಾಡ ಅಂದ್ಕೊಂಡೆ! ಸೂರ್ಯಕಾಂತಿ ಹೂ ಹಿಡ್ಕೊಂಡು ಕೋಬ್ರೆಯ ಇಗರ್ಜಿಯ ಮಾತೆಗೆ ಹರಕೆ ಒಪ್ಪಿಸೋಕೆ ಹೋದೆ. ಬರುವಾಗ ಒಂದೇ ಸಮ ಹೊಗೆ!"

"ಓಡಿಸಿದ್ದು ಹೇಗೆ?"

"ನಂಬಿಕೆ ಬರಲಿಲ್ಲ ನೋಡು. ದಾರಿಯುದ್ದಕ್ಕೂ ಅರ್ಧ ತುಳ್ಕೊಂಡೇ ಓಡಿಸಿದೆ."

ಎವೆಲಿಯೊ ಎರಡೂ ಕಾರುಗಳನ್ನು ಮತ್ತೆ ಮತ್ತೆ ನೋಡಿದ. ಬೆಳಿಗ್ಗೆ ಬೇಕರಿ ಮುಂದೆ ತಾನು ಹತ್ತಿದ್ದು ಯಾರ ಕಾರೆಂದು ಅವನಿಗೆ ಈಗ ಹೊಳೆಯಿತು. "ಸ್ವಾಮಿ, ಆ ಪಟ್ಟಿ ಕಿತ್ತು ಇದಕ್ಕೆ ಅಂಟಿಸಿಬಿಡಿ" ಎಂದು ಗೋಗರೆದ.

"ಕಿತ್ತರೆ ಹರಿಯುತ್ತೆ. ಅದೂ ಅಲ್ಲದೆ, ಪಾಸಾಗಿರೋದು ಆ ಕಾರು, ನೀನಲ್ಲ. ನಿನ್ನದನ್ನ ಬೇಕಾದ್ರೆ ಈಗಲೇ ಹತ್ತಿಸು, ನೋಡೋಣ."

ಎವೆಲಿಯೊ ತನ್ನ ಸ್ವಂತ ಕಾರಿಗೆ ಹತ್ತಿದ. ಪೆಡಲು ಕಲ್ಲಿನಷ್ಟು ಗಟ್ಟಿ, ಗೇರು ಬೆಣ್ಣೆ. ಎಂಜಿನ್ನು ಆರ್ಭಟಿಸಿತು. ಕಾರು ಮಾತ್ರ ಅಲ್ಲಾಡಲಿಲ್ಲ. ದಾರಿಯುದ್ದಕ್ಕೂ ಅರ್ಧ ತುಳಿದದ್ದಕ್ಕೆ ಒಳಗಿನ ಪ್ಲೇಟು ಸುಟ್ಟು ಕರಕಲಾಗಿತ್ತು. ಹೊಗೆ ಕರಗುವ ಹೊತ್ತಿಗೆ ಅಧಿಕಾರಿ ಮುಂದಿನ ಬೀದಿಯಲ್ಲಿದ್ದ.

"ನಾನು ಅರ್ಜಿಯನ್ನೇ ಹಾಕಿರಲಿಲ್ಲ!" ಎಂದು ಓಸ್ಮಿಲ್ದೊ ಗಾಜಿನ ಪಟ್ಟಿ ಸವರುತ್ತ ಎದೆಯ ಮೇಲೆ ಶಿಲುಬೆ ಬರೆದುಕೊಂಡ. "ನಾಳೆ ಬೆಳಿಗ್ಗೆ ಎಲ್ಲಿಗಾದ್ರೂ ಹೋಗೋದಿದ್ರೆ ಹೇಳು ಕೊಂಪಾಯ್."

"ಹೋಗೋದಿದೆ. ನಮ್ಮಣ್ಣನ ಹಂದಿ ದೊಡ್ಡಿಗೆ" ಎಂದಳು ಮಿರೇಯಾ.

"ಹತ್ತಿಸ್ಕೊಂಡು ಹೋಗ್ತೀನಿ ತಂಗಿ. ಎಲ್ಲರ ಹಾಗೇ ಬಾಡಿಗೆ ಕೊಟ್ರೆ ಸಾಕು."

ಓಸ್ಮಿಲ್ದೊಗೆ ಅದು ತನ್ನ ಕಾರಲ್ಲವೆಂದು ಬೆಳಿಗ್ಗೆಯೇ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಕೇಳಿದಾಗಲೆಲ್ಲ ಅವನು ಟ್ರಾಂಬೋನ್ ಬಾಯಿಗಿಟ್ಟುಕೊಳ್ಳುತ್ತಾನೆ.