ಗ್ವಾಡಿ ಆಚೆ ಯಾರಿಗೋ ನೀರು ಎರ್ಯಾಕತ್ತಾಳ

ಹತ್ತರ ಬರ್ರಿ, ಕದಾ ಮುಂದ ಮಾಡ್ರಿ. ಇದನ್ನ ನಾ ಯಾರ ಮುಂದೂ ಹೇಳಿಲ್ಲ. ಹೇಳಿದ್ರೂ ಆಣಿ ಹಾಕಿಸಿಕೊಂಡ ಮ್ಯಾಲೇ ಹೇಳೇನಿ. ನಮ್ಮ ಸವಣೂರ ಓಣ್ಯಾಗ ಇಂಥಾವು ಆಗ್ತಾನ ಇರ್ತಾವ, ನನ್ನ ಕಣ್ಣಿಗೇ ಬೀಳ್ತಾವ.

ಆಗ ನವಾಬರ ಕಾಲ. ದೂರದ ದೇಶದಾಗ ದೊಡ್ಡ ಯುದ್ಧ ನಡದಿತ್ತು. ನಮ್ಮ ಮಗ್ಗಲ ಮನ್ಯಾಗ ಅತ್ತಿ-ಸೊಸಿ ಬಾಡಿಗಿ ಇದ್ದರು. ಸೊಸಿ ಶಿಗ್ಗಾಂವಿ ಹುಡುಗಿ, ಗಂಡ ಪಲ್ಟನಿಗೆ ಹೋಗಿದ್ದ. ಅತ್ತಿ ಮಣಕಾಲು ಹಿಡದು ಹಾಸಿಗಿ ಹಿಡದಾಕಿ, ತಲಿ ಅಂದ್ರ ಹಿಂಜಿದ ಅರಳಿ. ದೀಪಾವಳಿ ಮುಂದ ತೀರಿಕೊಂಡಳು. ತೀರಿಕೊಂಡಳು ಅಂತ ನಾವು ತಿಳಕೊಂಡಿದ್ವಿ.

೧. ಶಾವಿಗ್ಯಾಗ ಕೂದಲು

ಬ್ಯಾಸಿಗಿ. ಮಟಮಟ ಮಧ್ಯಾಹ್ನ ಮಾಳಗಿ ಮ್ಯಾಲ ಶಾವಿಗಿ ಒಣಹಾಕಿದ್ದೆ. ಎಲಿ ಅಲಗೂವಷ್ಟು ಗಾಳಿ ಇಲ್ಲ. ಆದ್ರೂ ಆ ಮನಿ ಹಿತ್ತಲದಿಂದ ಬಿಳಿ ಕೂದಲು ಒಂದೊಂದೇ ಎದ್ದು, ತೇಲಿ, ಗ್ವಾಡಿ ದಾಟಿ ಬಂದು ನನ್ನ ಶಾವಿಗಿ ಮ್ಯಾಲ ಕುಂತುವು. ಮುಟ್ಟಿದೆ. ಈಗಷ್ಟ ತಲಿ ಬಿಟ್ಟು ಬಂದಂಗ ಬೆಚ್ಚಗಿದ್ದುವು. ಆರಿಸಿ ತಗ್ಯಾಕ ಧೈರ್ಯ ಸಾಲಲಿಲ್ಲ, ಹಂಗ ಬೇಯಿಸಿ ಯಜಮಾನರಿಗೆ ನೀಡಿದೆ. ಅವರು ಗಂಗಾಳ ನೆಕ್ಕಿ, ಈ ವರ್ಷ ಭಾಳ ಸಣ್ಣಗ ಹೊಸದೀ ಅಂದ್ರು.

೨. ಹಲ್ಲಿನ ಸಪ್ಪಳ

ಅವತ್ತಿನಿಂದ ದಿನಾ ಸಂಜಿಮುಂದ ಗ್ವಾಡಿಗೆ ಆನಿಕೊಂಡು ಕುಂತು ಕಾಳು ಆರಸಾಕ ಹತ್ತಿದೆ. ಒಳಗ ಬಿಸಿನೀರು ಸುರುವೂ ಸಪ್ಪಳ. ಆಮ್ಯಾಲ ಸೊಸಿ ದನಿ, ಕೂಸಿಗೆ ಹೇಳಿದಂಗ: “ಕಾಲು ಸಡ್ಲ ಬಿಡು ನಮ್ಮವ್ವಾ. ಹಿಂದಿಂದು ತೊಳದು ಒರಸ್ತೇನಿ. ಹಸಿ ಇದ್ರ ಹುಳ ಬೀಳ್ತಾವ.”

ಒಬ್ಬಾಕೀನ ಇರೂ ಮನ್ಯಾಗ ಯಾರ ಕಾಲು? ಕಟಕಟ ಹಲ್ಲು ಕಡದ ಸಪ್ಪಳ ಅಷ್ಟ ಬಂತು. ಸತ್ತಾಕಿ ಬಾಯಾಗ ಒಂದ ಹಲ್ಲಿರಲಿಲ್ಲ. ಸತ್ತ ಮ್ಯಾಲ ಹಲ್ಲು ಬಂದಾವಲ್ಲ ಅಂತ ಗ್ವಾಡಿಗೆ ಇನ್ನಷ್ಟು ಹತ್ತರ ಸರದೆ.

೩. ಹಿರೇಕೆರೂರಿಂದ ಬಂದ ಸುದ್ದಿ

ನಾ ಬಾಯಿ ಬಿಡಲಿಲ್ಲ. ಎಲಿ ಮಾರಾಕಿಗೆ ಹೇಳಿದೆ, ಅಷ್ಟ. ವಾರದಾಗ ನನ್ನ ತಂಗಿ ಹಿರೇಕೆರೂರಿಂದ ಓಡಿ ಬಂದು ಅದ ಸುದ್ದಿ ನನಗ ಹೇಳಿದಳು. ಅಷ್ಟರಾಗ ಹೆಣ ಎದ್ದು ರೊಟ್ಟಿನೂ ಬಡ್ಯಾಕ ಹತ್ತಿತ್ತು.

೪. ಹಾನಗಲ್ಲ ಮಂತ್ರಗಾರ

ಸುದ್ದಿ ಮನಿ ಮಾಲಕರಿಗೂ ಮುಟ್ಟಿತು. ಅಮಾಸಿ ಒಳಗ ಮನಿ ಬಿಡು ಅಂತ ಸೊಸಿಗೆ ಹೇಳಿಬಿಟ್ಟರು. ದೆವ್ವ ಹೊತಗೊಂಡು ಬಂದಾಕಿನ್ನ ತವರಿನವರೂ ಒಳಗ ಕರ್ಯಾಂಗಿಲ್ಲ. ಗಂಡ ಎಲ್ಲಿ, ಹೆಂಗ ಅದಾನೋ ಗೊತ್ತಿಲ್ಲ. ಆಕಿ ಕದಾನ ತಗೀಲಿಲ್ಲ.

ಮಾಲಕರು ಹಾನಗಲ್ಲಿಂದ ಮಂತ್ರಗಾರನ್ನ ಕರಿಸಿದರು. ಆತ ಮನಿ ಹಿಂದ ತಿಪ್ಪಿ ಕೆದರಿದ್ರ ಕತ್ತರಿಸಿದ ಉಗುರು ಸಿಕ್ಕುವು: ಸಣ್ಣವು, ಡೊಂಕು, ಚೂಪಿದ್ದುವು. ಆತ ತನ್ನ ನಿಂಬಿಹಣ್ಣು ವಾಪಸ್ ಚೀಲಕ್ಕ ಹಾಕಿಕೊಂಡ. “ದೆವ್ವ ಬಿಡಸ್ತೇನ್ರಿ. ಉಗುರು ತಗಿಸಿಕೊಳ್ಳೂ ದೆವ್ವ ನಮ್ಮ ಗುರು ಕಲಿಸಿಲ್ಲ.”

೫. ಕದ ತಗದಾಗ

ಮಾಲಕರು, ಅವರ ಹಿಂದ ಓಣಿ ಮಂದಿ, ಎಲ್ಲಾರಕಿಂತ ಮುಂದ ನಾನು. ಕದ ದಬ್ಬಿದ್ವಿ. ಒಳಗ ಕತ್ತಲಿ, ಔಡಲೆಣ್ಣಿ ವಾಸನಿ. ಮೂಲ್ಯಾಗ, ಸತ್ತಾಕಿ ಸೀರಿ ಮ್ಯಾಲ, ಎರಡು ಕೆಂಪು ಕಣ್ಣು ನಮ್ಮನ್ನ ನೋಡಾಕತ್ತಿದ್ದುವು. ಮಾಲಕರು ನನ್ನ ಬೆನ್ನ ಹಿಂದ ಅಡಗಿದ್ರು.

ಸೊಸಿ ದೀಪ ಹಚ್ಚಿದಳು. ಮೊಲ! ಬಿಳೀದು, ಮುದೀದು, ಹಿಂಗಾಲು ಬಾತು ಕಟಿಗಿ ಆಗಿದ್ದುವು.

“ತವರಿಂದ ತಂದದ್ದುರಿ,” ಅಂದಳು. “ನಿಮ್ಮ ಮನ್ಯಾಗ ಪ್ರಾಣಿ ಇಡಬಾರದು ಅಂದಿದ್ದಿರಿ, ಅದಕ್ಕ ಮುಚ್ಚಿಟ್ಟೆ. ಸಂದಿವಾತ ಆಗೇತಿ. ಬಗ್ಗಿ ಮೈ ನೆಕ್ಕಿಕೊಳ್ಳಾಕ ಬರೂದಿಲ್ಲ. ನಾ ತೊಳದು, ಕೂದಲು ಹಿಕ್ಕಿ, ಉಗುರು ತಗೀಲಿಲ್ಲ ಅಂದ್ರ ಹೊಲಸಿನಾಗ ಕೊಳತು ಸಾಯತೈತಿ.” ನೋವಾದ್ರ ಹಲ್ಲು ಕಡೀತೈತಿ ಅಂತನೂ ಹೇಳಿದಳು. ಅದನ್ನ ಎದಿಗೆ ಅವಚಿಕೊಂಡು, ಹೊರಗ ಹಾಕೂದಿದ್ರ ಇಬ್ಬರನ್ನೂ ಹಾಕ್ರಿ ಅಂದಳು.

ಉಪ್ಪಿನ ಗಂಟು ಕಾಸಿ ಅದರ ಕಾಲಿಗೆ ಇಟ್ಟಿದ್ದಳು. ಮಾಲಕರು ಅದನ್ನ ಮುಟ್ಟಿ ನೋಡಿದರು. ಆಮ್ಯಾಲ ಸಣ್ಣ ದನ್ಯಾಗ ಕೇಳಿದರು: “ಗಂಟು ಎಷ್ಟು ಕಾಸಬೇಕು, ತಂಗಿ? ನನ್ನ ಮಣಕಾಲೂ ಹಿಂಗ ಅದಾವ.” ಮನಿ ಉಳೀತು.

ಇಷ್ಟಾದ ಮ್ಯಾಲ ಎಲ್ಲಾರೂ ಈ ದೆವ್ವ ಹುಟ್ಟಿಸಿದವರು ಯಾರು ಅಂತ ಆಚೀಚೆ ನೋಡಾಕತ್ತಿದರು. ನಾನೂ ಅವರ ಜೋಡಿ ನೋಡಿದೆ. ಸೊಸಿ ಸೀದಾ ನನ್ನ ಮುಂದ ಬಂದು ನಿಂತಳು, ಮೊಲ ಒರಸೂ ಅರಬಿ ಇನ್ನೂ ಕೈಯಾಗಿತ್ತು.

“ಕುಂದರ್ರಿ ಚಿಗವ್ವಾ,” ಅಂದಳು. “ಮೊಲದ ಕಿವಿ ಒರಸೂದಾತು. ನಿಮ್ಮ ಬಲಗಿವಿಗೆ ನಮ್ಮ ಗ್ವಾಡಿ ಸುಣ್ಣ ಹತ್ತೇತಿ, ಅದನ್ನೂ ಒರಸಿಬಿಡ್ತೇನಿ.”